ಅಜ್ಜನ ವಿಮಾನದ ಮೂಗುಕಡ್ಡಿ

ಹನ್ನೊಂದು ದಿನಗಳ ಮೇಲೆ ಬೆಟಗೇರಿಯ ಆ ಓಣಿಗೆ ನಳದ ನೀರು ಬಂದಿತ್ತು. ನೀರು ಬಂದ ದಿನ ಓಣಿಯ ಹೆಂಗಸರಿಗೆ ಬೇರೆ ಲೋಕವೇ ಇರುವುದಿಲ್ಲ. ಕೊಡ, ಬಕೆಟ್, ಹಂಡೆ, ಕೊನೆಗೆ ಚಹಾದ ಪಾತ್ರೆಯವರೆಗೆ ಎಲ್ಲವೂ ಬಾಯಿ ತೆರೆದು ಸಾಲಾಗಿ ಕೂತಿರುತ್ತವೆ. ಕಸ್ತೂರೆವ್ವ ಸೀರೆಯನ್ನು ಎತ್ತಿ ಕಟ್ಟಿ, ಪೈಪನ್ನು ಡ್ರಮ್ಮಿಗೆ ಇಳಿಬಿಟ್ಟು, ಬೀಳುವ ನೀರಿನ ಸದ್ದಿನಿಂದಲೇ ಅದು ಎಷ್ಟು ತುಂಬಿತೆಂದು ಲೆಕ್ಕ ಹಾಕುತ್ತಿದ್ದಳು. ಅಷ್ಟರಲ್ಲಿ ಒಳಗೆ ಹೊಲಿಗೆ ಯಂತ್ರದ ಮೇಲಿದ್ದ ಫೋನು ಬಡಿದುಕೊಳ್ಳತೊಡಗಿತು.

"ಅಂಕಿತಾ, ಯಾರಂತ ನೋಡವಾ."

ಮಗಳು ಫೋನು ತಂದು ಅವ್ವನ ಕಿವಿಗೆ ಹಿಡಿದಳು. ಏಳನೆಯ ತರಗತಿಯ ಹುಡುಗಿ. ಎರಡು ತಿಂಗಳ ಹಿಂದಿನವರೆಗೆ ದಿನಕ್ಕೆ ನೂರು ಪ್ರಶ್ನೆ ಕೇಳಿ ಮನೆಯವರ ತಲೆ ತಿನ್ನುತ್ತಿದ್ದವಳು ಈಗ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದಳು.

"ಅಕ್ಕಾ, ನಾ ಶಫೀಕ." ಎದುರು ಮನೆಯ ಲಾರಿ ಡ್ರೈವರ್. "ಬೆಂಗಳೂರಾಗ ಉಳ್ಳಾಗಡ್ಡಿ ಇಳಿಸಿ ಅಂಕಿತಾನ ಮಾದರಿ ವಿಮಾನ ತಂದಿದ್ನಲ್ಲ, ಆ ಅಂಗಡಿಗಿ ಬಂದೀನಿ. ಲಾರಿ ಯಾರ್ಡಿನ್ಯಾಗ ಐತಿ, ಮಾಲಕ ನಾಕ ಸಲ ಫೋನ್ ಮಾಡ್ಯಾನ. ಹತ್ತ ಮಿನಿಟಿನ್ಯಾಗ ಹೇಳ್ರಿ, ಯಾವ ಪಾಕೀಟ ತರ್ಲಿ?"

"ಎಷ್ಟ ಅದಾವ?"

"ಮೂರು. ಒಂದರಾಗ ಪೈಲಟ್ ಕುಂಡ್ರೂ ಕುರ್ಚಿ, ಬೆಲ್ಟ್ ಸಮೇತ. ಒಂದರಾಗ ವಿಮಾನ ಹಾರೂ ಮೊದಲ ಬಿಚ್ಚೂ ಕೆಂಪು ಪಟ್ಟಿ, ಸೀನಿದ್ರ ಹಾರಿ ಹೋಗ್ತಾವ, ಅಷ್ಟ ಸಣ್ಣವು. ಮೂರನೇದ್ದು ಮೂಗಿಗಿ ಹಚ್ಚೂ ಕಡ್ಡಿ, ಹಿತ್ತಾಳಿದು. ಖರೆ ಹೇಳ್ತೀನಿ ಅಕ್ಕಾ, ಇದರ ಮುಂದ ನಿಮ್ಮ ಹೊಲಿಗಿ ಸೂಜಿ ಅಂದ್ರ ಗೂಟ."

ಕಸ್ತೂರೆವ್ವ ಮಗಳ ಮುಖ ನೋಡಿದಳು. ಮಗಳು ಡ್ರಮ್ಮಿನೊಳಗಿನ ನೀರು ನೋಡುತ್ತಿದ್ದಳು.

ಈ ವಿಮಾನದ ಕಥೆ ಶುರುವಾದದ್ದು ಕಳೆದ ದೀಪಾವಳಿಗೆ. ಹೊಲಿಗೆ ಯಂತ್ರದ ಮೇಲಿನ ಗೋಡೆಗೆ ಕಸ್ತೂರೆವ್ವನ ಅಪ್ಪ, ಹಿರೇವಡ್ಡಟ್ಟಿಯ ಉಳವಪ್ಪನ ಫೋಟೊ ಇದೆ. ಹದಿನೈದು ವರ್ಷ ವಾಯುಸೇನೆಯಲ್ಲಿ ವಿಮಾನಗಳನ್ನು ಸಜ್ಜುಗೊಳಿಸುವ ಕೆಲಸ ಮಾಡಿದವನು. ಫೋಟೊದಲ್ಲಿ ಅವನು ಮಿಗ್ ವಿಮಾನದ ಮೂಗಿನ ಮುಂದೆ ನಿಂತು, ಅದರ ಉದ್ದನೆಯ ಕಡ್ಡಿಯಿಂದ ಆಗತಾನೆ ತೆಗೆದ ಬಟ್ಟೆಯ ಚೀಲವನ್ನು ಕೈಯಲ್ಲಿ ಹಿಡಿದು ನಗುತ್ತಿದ್ದಾನೆ. ಎದುರಿನ ಗಾಳಿ ಆ ಕಡ್ಡಿಯ ತುದಿಯಿಂದ ಒಳಹೊಕ್ಕರೆ ಮಾತ್ರ ಪೈಲಟನಿಗೆ ವಿಮಾನದ ವೇಗ ತಿಳಿಯುತ್ತದಂತೆ. ನಿಂತಾಗ ಅದರೊಳಗೆ ಹುಳ, ಧೂಳು ಸೇರಬಾರದೆಂದು ಚೀಲ ತೊಡಿಸುವುದು, ಹಾರುವ ಮೊದಲು ತೆಗೆಯುವುದು. ತೆಗೆಯುವ ಕೈ ಉಳವಪ್ಪನದು. ಇದನ್ನು ಅವನು ಮೊಮ್ಮಗಳಿಗೆ ಎಷ್ಟು ಸಲ ಹೇಳಿದ್ದನೋ.

ಅಜ್ಜ ತೀರಿಕೊಂಡು ಮೂರು ವರ್ಷವಾದರೂ ಅಂಕಿತಾಳ ವಿಮಾನದ ಹುಚ್ಚು ಇಳಿಯಲಿಲ್ಲ. ಶಫೀಕ ಅದನ್ನು ನೋಡಿ ಬೆಂಗಳೂರಿನಿಂದ ಒಂದು ಪೆಟ್ಟಿಗೆ ತಂದುಕೊಟ್ಟಿದ್ದ. ಮಿಗ್ ವಿಮಾನದ ನಲವತ್ತೆಂಟರಲ್ಲೊಂದು ಪಾಲಿನ ಮಾದರಿ. ಬಿಡಿ ಬಿಡಿ ಪ್ಲಾಸ್ಟಿಕ್ ತುಂಡುಗಳನ್ನು ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಬಳಿಯಬೇಕು. ಅಜ್ಜನ ವಿಮಾನವನ್ನೇ ಮಾಡಿ ಶಾಲೆಯಿಂದ ಗದಗಿನ ವಸ್ತುಪ್ರದರ್ಶನಕ್ಕೆ ಒಯ್ಯಬೇಕೆಂದು ಅಂಕಿತಾ ಪಣ ತೊಟ್ಟಳು. ಎಲ್ಲ ಸರಿಹೋಯಿತು, ಮೂಗಿನ ಕಡ್ಡಿಯೊಂದನ್ನು ಬಿಟ್ಟು. ಬಾರೆಮುಳ್ಳಿನಷ್ಟು ತೆಳುವಾದ ಆ ಪ್ಲಾಸ್ಟಿಕ್ ಕಡ್ಡಿ ಕತ್ತರಿಸುವಾಗ ಮುರಿದು ಕೆಳಗೆ ಬಿತ್ತು. ಕಸ್ತೂರೆವ್ವ ಅದನ್ನು ನೂಲಿನ ಚೂರುಗಳ ಜೊತೆ ಗುಡಿಸಿ ಹೊರಗೆ ಹಾಕಿಬಿಟ್ಟಳು. ಮಗಳು ಅಳಲಿಲ್ಲ, ಅವ್ವನ ಮೇಲೆ ರೇಗಲೂ ಇಲ್ಲ. ಅದೇ ಕಸ್ತೂರೆವ್ವನಿಗೆ ಹೆಚ್ಚು ಚುಚ್ಚಿತು.

ಪೆಟ್ಟಿಗೆಯಲ್ಲಿ ಬರುವ ತುಂಡುಗಳಿಗಿಂತ ನಯವಾದವನ್ನು ಬೇರೆಯವರು ಮಾಡಿ ಬಿಡಿಯಾಗಿ ಮಾರುತ್ತಾರೆಂಬ ಖಬರನ್ನೂ ಶಫೀಕನೇ ತಂದ. ಅವ್ವ ಹೊಲಿಯುವ ಶಾಲೆಯ ಸಮವಸ್ತ್ರಗಳಿಗೆ ಗುಂಡಿ ಹಚ್ಚಿಕೊಟ್ಟು ಅಂಕಿತಾ ಕೂಡಿಸಿದ್ದ ಹಣದಲ್ಲಿ ಒಂದು ಪಾಕೀಟು ಬರುತ್ತಿತ್ತು. ಒಂದೇ ಒಂದು.

ಅಷ್ಟರಲ್ಲಿ ಬೀರವ್ವನ ಮಾತು ಬಂತು.

ಬೀರವ್ವ ಎಂದರೆ ಅಂಕಿತಾಳ ಅಪ್ಪನ ಅಕ್ಕ, ಪಕ್ಕದ ಮನೆಯವಳು. ಮನಸ್ಸಿನಲ್ಲಿ ವಿಷವಿಲ್ಲ, ನಾಲಗೆಗೆ ಮಾತ್ರ ಬೇಲಿಯಿಲ್ಲ. ಒಂದು ಸಂಜೆ ಕಟ್ಟೆಯ ಮೇಲೆ ನಾಲ್ಕು ಜನ ಕೂತಾಗ ಅಂದುಬಿಟ್ಟಳು: "ನಿಮ್ಮಜ್ಜ ಉರುಸಿನ ಜಾತ್ರ್ಯಾಗ ಹಲಗಿ ಮ್ಯಾಲ ಬರದ ವಿಮಾನದ ಮುಂದ ನಿಂತ ಫೋಟೋ ತಗಿಸ್ಯಾನ ತಗೋ. ನಾನೂ ತಗಿಸೀನಿ, ಚಂದ್ರನ ಮ್ಯಾಲ ಕುಂತು. ಹಂಗಂತ ನಾ ಚಂದ್ರಲೋಕಕ್ಕ ಹೋಗಿ ಬಂದೇನೇನು? ಇನ್ನ ವಿಮಾನ ಖರೇನ ಇತ್ತಂದ್ರೂ, ಚೀಲಾ ತಗಿಯೂದೂ ಒಂದ ನೌಕರಿ ಏನ?"

ಎಲ್ಲರೂ ನಕ್ಕರು. ಅಂಕಿತಾ ಕೂಡ ಬಾಯಂಚಿನಲ್ಲಿ ನಕ್ಕು ಒಳಗೆ ಬಂದಳು. ಆಮೇಲೆ ಫೋಟೊದ ಕೆಳಗೆ ಸ್ಟೂಲು ಹಾಕಿ ಬಹಳ ಹೊತ್ತು ನಿಂತಳು. ಮರುದಿನ ಸಮವಸ್ತ್ರ ಕತ್ತರಿಸಲೆಂದು ಅಳತೆಯ ಖಾಕಿ ಕಾಗದ ಬಿಡಿಸಿದಾಗ ಕಸ್ತೂರೆವ್ವನಿಗೆ ಅದರ ಮೂಲೆಯಲ್ಲಿ ಪೆನ್ಸಿಲಿನ ಅಕ್ಷರ ಕಂಡವು: ಅಜ್ಜ ಚೀಲ ತೆಗೆಯದಿದ್ದರೆ. ಅಷ್ಟೇ ಬರೆದು, ಮೇಲೆ ಎರಡು ಸಲ ಗೀಚಿ ಹೊಡೆದು ಹಾಕಲಾಗಿತ್ತು. ಆ ಮೂಲೆಯನ್ನು ಉಳಿಸಿ ಕತ್ತರಿಸಿ ಅವಳು ನೂಲಿನ ಡಬ್ಬಿಯಲ್ಲಿಟ್ಟಳು. ಪ್ರಶ್ನೆ ಹುಡುಗಿಯ ಬಾಯಿಂದಲೇ ಬರಲಿ ಎಂದು ಎರಡು ತಿಂಗಳು ಕಾದಳು. ಗಂಟು ಬಿದ್ದ ನೂಲನ್ನು ಜಗ್ಗಿದರೆ ಇನ್ನೂ ಬಿಗಿಯುತ್ತದೆಂದು ಅವಳ ಬೆರಳಿಗೆ ಗೊತ್ತಿತ್ತು.

"ಕಸ್ತೂರೀ, ನೀರ ಹರದ ಹೊಂಟೈತಿ! ಡ್ರಮ್ ತುಂಬೇತಿ, ಕಣ್ಣ ಎಲ್ಲಿಟ್ಟೀ?" ಪಕ್ಕದ ಅಂಗಳದಿಂದ ಬೀರವ್ವ ಕೂಗಿದಳು.

ಕಸ್ತೂರೆವ್ವ ಪೈಪು ಎತ್ತಿ ಹಂಡೆಗೆ ಹಾಕಿದಳು. "ಹೇಳವಾ, ಮಾಮಾ ಕಾಯಾಕತ್ಯಾನ. ಯಾವುದ ಬೇಕ?"

"ಕುರ್ಚಿ," ಅಂದಳು ಅಂಕಿತಾ.

"ಕುರ್ಚಿ ಬೆಲ್ಟು ನಾ ರಿಬ್ಬನಿನ್ಯಾಗ ಮಾಡಿ ಕೊಡ್ತೀನಿ. ಕೆಂಪು ಪಟ್ಟೀನೂ ಮಾಡ್ತೀನಿ. ಕಡ್ಡಿ ಒಂದ ನನ್ನ ಕೈಲೆ ಆಗೂದಲ್ಲ. ನೀನ ಬೇಕಂದಿದ್ದಿ, ಈಗ ಯಾಕ ಬ್ಯಾಡ?"

ಹುಡುಗಿ ನೀರಿನಿಂದ ಕಣ್ಣೆತ್ತಿದಳು. "ಕಡ್ಡಿ ಹಚ್ಚಿದ್ರ ಅದು ಅಜ್ಜನ ವಿಮಾನ ಆಗೂದಿಲ್ಲ. ಪೆಟ್ಟಿಗ್ಯಾಗಿನ ವಿಮಾನಕ್ಕ ಕಡ್ಡಿ ಪೈಲಟನ ಬಲಗೈ ಬದಿಗಿ ಐತಿ. ಫೋಟೋದಾಗ ಎಡಗೈ ಬದಿಗಿ ಐತಿ. ಅತ್ತಿ ಹೇಳಿದ್ದ ಖರೆ ಇರಬೇಕು. ಹಲಗಿ ಮ್ಯಾಲ ಚಿತ್ರಾ ತಗದವ ತಪ್ಪ ತಗದಾನ."

ಫೋನಿನೊಳಗಿಂದ ಶಫೀಕ ಎಲ್ಲ ಕೇಳುತ್ತಿದ್ದ. ಅಂಗಡಿಯವನನ್ನು ವಿಚಾರಿಸಿ ಮೆಲ್ಲಗೆ ಅಂದ: "ಅಕ್ಕಾ, ಈ ಜಾತಿ ವಿಮಾನದಾಗ ಕಡ್ಡಿ ಎಡಕ್ಕ ಇರೂದು ಒಂದೂ ಇಲ್ಲಂತ. ಕುರ್ಚಿನ ತಗೋಳ್ಳೇನು?"

ಕಸ್ತೂರೆವ್ವ ಪೈಪನ್ನು ಹಂಡೆಯಲ್ಲೇ ಬಿಟ್ಟಳು. ಅಪ್ಪ ಸುಳ್ಳು ಹೇಳಿದನೇ? ಹದಿನೈದು ವರ್ಷದ ನೌಕರಿಯ ಕಾಗದ ಟ್ರಂಕಿನಲ್ಲಿದೆ, ಅದು ಸುಳ್ಳಲ್ಲ. ಆದರೆ ಕಾಗದ ತೋರಿಸಿದರೆ ಮಗಳು ಹೂಂ ಅನ್ನುತ್ತಾಳೆ, ನಂಬುವುದಿಲ್ಲ. ಅವಳು ಸೆರಗಿನಿಂದ ಕೈ ಒರೆಸಿಕೊಂಡು ಒಳಗೆ ಹೋಗಿ, ಯಂತ್ರದ ಮೇಲೆ ಹತ್ತಿ ಫೋಟೊ ಇಳಿಸಿದಳು. ಬೆಳಕಿಗೆ ತಂದು, ಮೂರು ವರ್ಷದಲ್ಲಿ ಮೊದಲ ಸಲ, ಅಪ್ಪನ ಮುಖವನ್ನು ಬಿಟ್ಟು ಉಳಿದದ್ದನ್ನು ನೋಡಿದಳು.

ಅಂಗಿ ನೋಡಿದಳು.

"ಅಂಕಿತಾ, ಗಂಡ ಹುಡುಗೂರ ಅಂಗಿಗಿ ಗುಂಡಿ ಯಾವ ಬದಿಗಿ ಹಚ್ತೀ?"

"ಬಲಕ್ಕ."

"ಹೆಣ್ಣ ಹುಡುಗೂರದ್ದಕ್ಕ?"

"ಎಡಕ್ಕ." ಹೇಳುತ್ತಲೇ ಹುಡುಗಿ ಹತ್ತಿರ ಬಂದಳು. ಅಜ್ಜನ ಎದೆಯ ಮೇಲೆ ಬೆರಳಿಟ್ಟಳು. ಅಂಗಿಯ ಬಲಪಟ್ಟಿ ಮೇಲೆ ಬಂದಿತ್ತು, ಗುಂಡಿಗಳು ಎಡಪಟ್ಟಿಯ ಮೇಲಿದ್ದವು. "ಅವ್ವಾ... ಅಜ್ಜಗ ಹೆಣ್ಣುಮಕ್ಕಳ ಅಂಗಿ ಹೊಲದಾರ?"

"ಸರಕಾರದವರು ಹಂಗ ಹೊಲೀತಾರೇನ? ಗಡಿಯಾರ ನೋಡು. ನಮ್ಮಪ್ಪ ಸಾಯೂ ತನಕಾ ಎಡಗೈಗಿ ಕಟ್ಯಾನ. ಇಲ್ಲಿ ಬಲಗೈಯಾಗ ಐತಿ."

ಕಸ್ತೂರೆವ್ವನಿಗೆ ಈಗ ಹೊಳೆಯಿತು. ಅಪ್ಪ ತೀರಿಕೊಂಡ ಹೊತ್ತಿಗೆ ಹಳೆಯ ಫೋಟೊವನ್ನು ಗೆದ್ದಲು ತಿಂದಿದ್ದರಿಂದ, ಉಳಿದ ಫಿಲ್ಮನ್ನು ಸ್ಟುಡಿಯೊಗೆ ಒಯ್ದು ದೊಡ್ಡದು ಮಾಡಿಸಿದವಳು ಅವಳೇ. ಸ್ಟುಡಿಯೊದವರು ಫಿಲ್ಮನ್ನು ಮಗುಚಿ ಇಟ್ಟು ಪ್ರಿಂಟು ತೆಗೆದಿದ್ದರು, ಎಡಬಲ ಅದಲುಬದಲಾಗಿತ್ತು. ಅಪ್ಪ ಇದರಲ್ಲಿ ಯಾಕೋ ಬೇರೆ ಥರ ಕಾಣುತ್ತಾನೆಂದು ಅವಳಿಗೆ ಆಗಲೇ ಅನಿಸಿತ್ತು. ಅಳುವ ಕಣ್ಣಿಗೆ ಹಾಗೆ ಕಾಣುತ್ತದೆಂದು ಸುಮ್ಮನಾಗಿದ್ದಳು. ದಿನಕ್ಕೆ ಇಪ್ಪತ್ತು ಅಂಗಿಗಳನ್ನು ಒಳಗು ಹೊರಗು ಮಾಡುವವಳು ಅಪ್ಪನ ಅಂಗಿಯೊಂದನ್ನು ನೋಡಿರಲಿಲ್ಲ.

ಗಿರಾಕಿಗಳು ಬ್ಲೌಸು ಹಾಕಿ ನೋಡುವ ನಿಲುಗನ್ನಡಿಯ ಮುಂದೆ ಅವಳು ಫೋಟೊ ಹಿಡಿದಳು. ಕನ್ನಡಿಯಲ್ಲಿ ಗುಂಡಿಗಳು ತಮ್ಮ ಜಾಗಕ್ಕೆ ಬಂದವು. ಗಡಿಯಾರ ಎಡಗೈಗೆ ಬಂತು. ವಿಮಾನದ ಕಡ್ಡಿ ಪೈಲಟನ ಬಲಗೈ ಬದಿಗೆ ಸರಿದು ನಿಂತಿತು. ಮತ್ತು ಮೂರು ವರ್ಷದ ಮೇಲೆ ಅವಳ ಅಪ್ಪ, ಇದ್ದ ಹಾಗೆಯೇ, ಅವಳನ್ನು ನೋಡಿ ನಕ್ಕ.

"ಮಾಮಾ!" ಅಂಕಿತಾ ಕೈಯಲ್ಲಿದ್ದ ಫೋನನ್ನು ಬಾಯಿಗೆ ಹಿಡಿದು ಚೀರಿದಳು. "ಕಡ್ಡಿ ತಗೋ! ಕಡ್ಡಿ, ಕಡ್ಡಿ! ಕುರ್ಚಿ ಗಿರ್ಚಿ ಬ್ಯಾಡ!"

"ಯಪ್ಪಾ, ಕಿವಿ ಹೋತು!" ಶಫೀಕ ನಕ್ಕ. "ತಗೊಂಡೆ. ಲಾರಿಯಾಗ ನನ್ನ ಬಾಜೂ ಕುಂಡ್ರಿಸ್ಕೊಂಡ ಬರ್ತೀನಿ, ಉಳ್ಳಾಗಡ್ಡಿಗೂ ಇಷ್ಟ ಮರ್ಯಾದಿ ಕೊಟ್ಟಿಲ್ಲ."

ಹೊರಗೆ ಹಂಡೆಯೂ ತುಂಬಿ ಅಂಗಳ ಕೆರೆಯಾಗಿತ್ತು. ಬೀರವ್ವ ಬೈಯುತ್ತಲೇ ಬಂದು ಪೈಪನ್ನು ತನ್ನ ಕೊಡಕ್ಕೆ ಎಳೆದುಕೊಂಡಳು. ಆವತ್ತು ಕಸ್ತೂರೆವ್ವನಿಗೆ ಒಂದು ಬೈಗುಳವೂ ತಾಗಲಿಲ್ಲ.

ಕಡ್ಡಿ ಬಂತು. ಸೂಜಿಗೆ ನೂಲು ಪೋಣಿಸುವಷ್ಟೇ ತಾಳ್ಮೆಯಿಂದ ತಾಯಿ ಮಗಳು ಉಸಿರು ಬಿಗಿಹಿಡಿದು ಅದನ್ನು ಕೂರಿಸಿದರು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಕಸ್ತೂರೆವ್ವ ಬೂದು ರಿಬ್ಬನ್ನು ಸೀಳಿ ಪೈಲಟನ ಬೆಲ್ಟು ಮಾಡಿದಳು. ಕೆಂಪು ಸ್ಯಾಟಿನ್ನಿನ ಚೂರಿನಲ್ಲಿ ಅಕ್ಕಿಕಾಳಿನಷ್ಟು ದಪ್ಪದ ಚೀಲ ಹೊಲಿದಳು. ಕಡ್ಡಿಗೆ ತೊಡಿಸಿ ತೆಗೆಯಬಹುದು. ಹನ್ನೊಂದು ಹೊಲಿಗೆ, ನಡುವೆ ಎರಡು ಸಲ ಒಲೆಯ ಮೇಲಿನ ಬೇಳೆ ನೋಡಿ ಬಂದದ್ದು ಬೇರೆ.

ಪ್ರದರ್ಶನದ ದಿನ ಗದಗಿನ ಶಾಲೆಯ ಸಭಾಂಗಣದಲ್ಲಿ ಗಾಳಿಯಂತ್ರ, ಜ್ವಾಲಾಮುಖಿ, ಹನಿ ನೀರಾವರಿಗಳ ನಡುವೆ ಅಂಕಿತಾಳ ಮೇಜಿಗೆ ಜನ ಮುತ್ತಿದ್ದರು. ಮೇಜಿನ ಮೇಲೆ ಒಂದಡಿ ಉದ್ದದ ಮಿಗ್. ಹಿಂದೆ ಅಜ್ಜನ ಫೋಟೊ, ಅದಕ್ಕೆ ಎದುರಾಗಿ ಒಂದು ಕನ್ನಡಿ. ಬಂದವರೆಲ್ಲ ಮೊದಲು ಫೋಟೊ, ಆಮೇಲೆ ಕನ್ನಡಿ, ಆಮೇಲೆ ವಿಮಾನ ನೋಡಿ, ತಮ್ಮ ಅಂಗಿಯ ಗುಂಡಿಗಳನ್ನು ಮುಟ್ಟಿಕೊಂಡು ನಗುತ್ತಿದ್ದರು. ಪರೀಕ್ಷಕರಾಗಿ ಬಂದಿದ್ದ ಮುಂಡರಗಿಯ ಮಾಸ್ತರು ದೇವೇಂದ್ರಪ್ಪ ಬಗ್ಗಿ ಬಗ್ಗಿ ನೋಡಿ, "ಈ ಕಡ್ಡಿ ನೀನ ಆರಿಸಿದಿ?" ಅಂದರು. ಅಂಕಿತಾ ತಲೆಯಾಡಿಸಿದಳು. ಅವರು ಹಾಳೆಯ ಮೇಲೆ ಏನೋ ಬರೆದು, ಪಕ್ಕದವರಿಗೆ ತೋರಿಸಿದರು. ಆಮೇಲೆ ಮೊದಲ ಬಹುಮಾನದ ನೀಲಿ ಪಟ್ಟಿಯನ್ನು ತಂದು ಮೇಜಿನ ಅಂಚಿಗೆ ಅಂಟಿಸಿದರು.

ಕಸ್ತೂರೆವ್ವನಿಗೆ ಕಣ್ಣು ಮಂಜಾಯಿತು. ಆದರೂ ಅವಳು ಕಾಯುತ್ತಿದ್ದುದು ಪಟ್ಟಿಗಲ್ಲ.

ಬುತ್ತಿಗಂಟು ಹಿಡಿದು ಜೊತೆಗೆ ಬಂದಿದ್ದ ಬೀರವ್ವ ಜನರನ್ನು ಸರಿಸಿ ಮುಂದೆ ಬಂದಳು. ಕನ್ನಡಿಯಲ್ಲಿ ಇಣುಕಿದಳು. ಫೋಟೊ ನೋಡಿದಳು. ಮತ್ತೆ ಇಣುಕಿದಳು.

"ಆತು ಬಿಡವಾ, ಸೋತೆ. ವಿಮಾನ ಖರೇದ," ಅಂದಳು ಎಲ್ಲರಿಗೂ ಕೇಳುವಂತೆ. ಅಷ್ಟಕ್ಕೆ ನಿಂತಿದ್ದರೆ ಅವಳು ಬೀರವ್ವನೇ ಅಲ್ಲ. "ಆದ್ರೂ ಅಂಕಿತಾ, ಮುತ್ತಿನಂಥಾ ಗಂಡಸಿಗಿ ಚೀಲಾ ತಗಿಯೂ ಕೆಲಸಾ ಕೊಟ್ಟಿದ್ರಲ್ಲ!"

ಸುತ್ತಲಿನವರು ನಕ್ಕರು. ಕಸ್ತೂರೆವ್ವ ಮಗಳ ಕಡೆ ತಿರುಗಿದಳು. ನೂಲಿನ ಡಬ್ಬಿಯಲ್ಲಿದ್ದ ಖಾಕಿ ಕಾಗದದ ಮೂಲೆ ಅವಳ ಕಣ್ಣ ಮುಂದೆ ಬಂತು.

ಅಂಕಿತಾ ಈ ಸಲ ನಗಲಿಲ್ಲ. ಕೈ ಚಾಚಿ, ಅಜ್ಜನ ಹಾಗೆಯೇ ಎರಡು ಬೆರಳಿನಿಂದ ಕೆಂಪು ಚೀಲವನ್ನು ಕಡ್ಡಿಯಿಂದ ಮೆಲ್ಲಗೆ ಜಾರಿಸಿ ತೆಗೆದು ಮೇಲೆತ್ತಿ ಹಿಡಿದಳು. ಹಿತ್ತಾಳೆಯ ತುದಿ ಮಿಂಚಿತು. ಸಭಾಂಗಣದ ಆ ಕೊನೆಯವರೆಗೂ ಕೇಳುವಂಥ ದನಿ ಅವಳಲ್ಲಿ ಇತ್ತೆಂದು ಅವಳ ಅವ್ವನಿಗೂ ಗೊತ್ತಿರಲಿಲ್ಲ.

"ಅತ್ತೀ, ನಮ್ಮಜ್ಜ ಇದನ್ನ ತಗಿಯದ ಹಂಗ ಬಿಟ್ಟಿದ್ರ, ಮ್ಯಾಲ ಹೋದ ಪೈಲಟ್ ತಾ ಎಷ್ಟ ಜೋರ ಹೊಂಟೀನಿ ಅಂತ ಯಾರನ್ನ ಕೇಳತಿದ್ದ?"