ನಾಲ್ಕೆಣಿಕೆಯ ಮೌನ

ವಾರವೆಲ್ಲ ನಾನು ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುತ್ತೇನೆ. ಭಾನುವಾರ ಮಧ್ಯಾಹ್ನ ಮಾತ್ರ ಕವಿ. ಪುಸ್ತಕದ ಕವಿಯಲ್ಲ, ಕಾಗದವಿಲ್ಲದೆ ಮೈಕಿನ ಮುಂದೆ ನಿಂತು ಹೇಳುವವಳು. ಅಪ್ಪ ತೀರಿಕೊಂಡ ಮೇಲೆ ಅವರ ಬಗ್ಗೆ ಒಂದು ಕವಿತೆ ಕಟ್ಟಿದೆ. ಮೊದಲ ಸಲ ಹೇಳುವಾಗ ‘ಅಪ್ಪನ ಚಪ್ಪಲಿ ಇನ್ನೂ ಬಾಗಿಲಲ್ಲೇ ಇದೆ’ ಎಂಬ ಸಾಲಿಗೆ ಗಂಟಲು ಕಟ್ಟಿತು. ಹಾಸಿಗೆ ಹಿಡಿದ ಮೇಲೂ ನಡೆದೇ ನಡೆಯುತ್ತೇನೆಂದು ಅಪ್ಪ ಹಟ ಮಾಡಿ ಅದಕ್ಕೆ ಹೊಸ ಬಾರು ಹಾಕಿಸಿದ್ದರು. ಸಭೆ ಉಸಿರು ಬಿಗಿಹಿಡಿದು ಕೂತಿತ್ತು. ಕೊನೆಗೆ ‘ಬಾರು ಮಾತ್ರ ಹೊಸದು’ ಎಂದೆ. ಚಪ್ಪಾಳೆಯೋ ಚಪ್ಪಾಳೆ.

ನಮ್ಮ ಗುಂಪಿನ ಹಿರಿಯರನ್ನು ಎಲ್ಲರೂ ಮೈಕಣ್ಣ ಅನ್ನುತ್ತೇವೆ. ಕೈಯಲ್ಲಿ ಮೈಕಿಲ್ಲದಿದ್ದರೂ ಅವರ ದನಿ ಮೂರನೇ ಬೀದಿಗೆ ಕೇಳುತ್ತದೆ. ಅವರು ನನ್ನನ್ನು ಪಕ್ಕಕ್ಕೆ ಕರೆದರು. “ಚಪ್ಪಲಿ ಸಾಲಿಗೆ ನಿಂತೆಯಲ್ಲ, ಆ ಮೌನ ಕೈಬಿಡಬೇಡಮ್ಮ. ಪದ ಯಾರು ಬೇಕಾದ್ರೂ ಜೋಡಿಸ್ತಾರೆ. ಮನಸ್ಸಲ್ಲೇ ನಾಲ್ಕು ಎಣಿಸು, ಆಮೇಲೆ ಬಾಯಿ ತೆಗಿ.” ಕನ್ನಡಿ ಮುಂದೆ ಎಣಿಸಿದೆ, ಬಸ್ಸಿನಲ್ಲಿ ಎಣಿಸಿದೆ. ಮೂರಕ್ಕೆ ತುಟಿ ನಡುಗಿಸುವುದನ್ನೂ ರೂಢಿ ಮಾಡಿಕೊಂಡೆ. ಹನ್ನೊಂದು ವೇದಿಕೆಗಳಲ್ಲಿ ಒಂದು ಸಲವೂ ತಪ್ಪಲಿಲ್ಲ. ಹೆಮ್ಮೆಯೇ ಇತ್ತು, ಸುಳ್ಳು ಯಾಕೆ ಹೇಳಲಿ?

ಹನ್ನೆರಡನೆಯದಕ್ಕೆ ಅಕ್ಕ ಬಂದಳು. ಹೊಲಿಗೆ ಅಂಗಡಿಗೆ ಬೀಗ ಹಾಕಿ, ಕೊನೆಯ ಎಂಟು ತಿಂಗಳು ಅಪ್ಪನ ಮಗ್ಗುಲಲ್ಲೇ ಇದ್ದವಳು. ಕವಿತೆಯೆಂದರೆ ಅವಳಿಗೆ ಅಷ್ಟಕ್ಕಷ್ಟೆ. ಆದರೆ ಈ ಕವಿತೆ ಅವಳಿಗೆ ಹಿಡಿಸಲೇಬೇಕಿತ್ತು. ಅಪ್ಪನನ್ನು ನೋಡಿಕೊಂಡವಳು ಅವಳು. ನಾನು ಮಾಡಿದ್ದು ಇದೊಂದೇ.

ಚಪ್ಪಲಿಯ ಸಾಲು ಬಂತು. ನಿಲ್ಲಿಸಿದೆ. ಒಂದು, ಎರಡು. ಮೂರಕ್ಕೆ ಕುರ್ಚಿ ಸರಿದ ಸದ್ದಾಯಿತು. ಅಕ್ಕ ಎದ್ದು, ಜನರ ಮೊಣಕಾಲು ದಾಟಿಕೊಂಡು, ನೀರಿನ ಬಾಟಲಿ ಹಿಡಿದು ವೇದಿಕೆ ಹತ್ತಿಯೇ ಬಿಟ್ಟಳು. ನನ್ನ ಬೆನ್ನು ಸವರುತ್ತಾ, “ಸಾಕು ಬಿಡೇ. ಆಗದಿದ್ರೆ ಬೇಡ,” ಅಂದಳು. ನಾಚಿಕೆಯಿಂದ ನಾನು ಹಿಡಿಯಷ್ಟಾದೆ. ಆದರೂ ನೀರು ಕುಡಿದೆ, ಉಳಿದ ಸಾಲುಗಳನ್ನು ಹೇಳಿ ಮುಗಿಸಿದೆ. ಸಭೆಗೆ ಸಭೆಯೇ ಎದ್ದು ನಿಂತಿತು.

ಬಸ್ ನಿಲ್ದಾಣಕ್ಕೆ ನಡೆಯುವಾಗ ಅಕ್ಕ ನನ್ನ ತೋಳು ಹಿಡಿದಿದ್ದಳು. “ಇಷ್ಟು ದಿನ ಒಬ್ಬಳೇ ಅಲ್ಲಿ ನಿಂತು ಅಳ್ತಿದ್ಯಾ? ಇನ್ಮೇಲೆ ಪ್ರತಿ ಸಲ ನಾನೂ ಬರ್ತೀನಿ.”

ಇನ್ನು ತಡೆಯಲಾಗಲಿಲ್ಲ. “ಅಕ್ಕಾ, ಅದು ಅಳು ಅಲ್ಲ. ಅಭ್ಯಾಸ ಮಾಡ್ಕೊಂಡಿದ್ದು. ನಾಲ್ಕು ಎಣಿಸ್ತೀನಿ.”

ಅವಳು ತೋಳು ಬಿಟ್ಟಳು. ಆಮೇಲೆ ಕೇಳಿದಳು, “ಹಾಗಾದ್ರೆ ಅಪ್ಪ ಹೋದ ದಿನ ಆಸ್ಪತ್ರೆ ಮೆಟ್ಟಿಲ ಮೇಲೆ ನನ್ನ ತಬ್ಕೊಂಡು ಅತ್ತ್ಯಲ್ಲ, ಅದು?”

ಅದು ನಿಜ ಅಕ್ಕಾ ಎನ್ನಲು ಹೋದೆ. ಗಂಟಲು ಕಟ್ಟಿತು, ಮಾತು ಹೊರಡಲಿಲ್ಲ, ತುಟಿ ನಡುಗಿತು. ಅಕ್ಕ ನನ್ನ ಮುಖವನ್ನೇ ನೋಡುತ್ತಾ, ಎಣಿಕೆ ಮುಗಿಯಲಿ ಎಂದು ಕಾದು ನಿಂತಳು.