ನನಗೆಂದು ಉಳಿಸಿದ ಬೆಟ್ಟ

ಕೊನೆಯ ಬೆಟ್ಟ ಯಾವುದೆಂದು ನಾವು ಮಾತಾಡಿಕೊಂಡಾಗ ನನ್ನ ಗಂಡ ಆರ್ಮಂಡ್ ಇನ್ನೂ ಮೊದಲನೆಯದನ್ನೇ ಹತ್ತಿರಲಿಲ್ಲ. ರಾಜ್ಯದ ರಸ್ತೆ ಇಲಾಖೆಯಲ್ಲಿ ಮೋಜಣಿದಾರನಾಗಿದ್ದವನು ನಿವೃತ್ತನಾದ ವರ್ಷವದು. ನ್ಯೂ ಹ್ಯಾಂಪ್‌ಶೈರಿನಲ್ಲಿ ನಾಲ್ಕು ಸಾವಿರ ಅಡಿ ಮೀರಿದ ಬೆಟ್ಟಗಳು ನಲವತ್ತೆಂಟು. ಅವನ್ನು ಬೇಸಿಗೆಯಲ್ಲಿ ಮುಗಿಸಿದವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಚಳಿಗಾಲದ ಪಟ್ಟಿಯೇ ಬೇರೆ. ಡಿಸೆಂಬರಿನಲ್ಲಿ ಸೂರ್ಯ ತಿರುಗುವ ಗಳಿಗೆಯಿಂದ ಮಾರ್ಚಿನಲ್ಲಿ ಹಗಲು ರಾತ್ರಿ ಸಮವಾಗುವ ಗಳಿಗೆಯವರೆಗೆ ಹತ್ತಿ ಇಳಿದದ್ದು ಮಾತ್ರ ಲೆಕ್ಕಕ್ಕೆ ಬರುತ್ತದೆ. ಯಾರೂ ಪರೀಕ್ಷಿಸುವುದಿಲ್ಲ. ಹತ್ತಿದವನ ಮಾತೇ ಸಾಕ್ಷಿ.

"ಕೊನೇದು ಬಾಂಡ್‌ಕ್ಲಿಫ್," ಎಂದ ಆರ್ಮಂಡ್, ಊಟದ ಮೇಜಿನ ಮೇಲೆ ನಕ್ಷೆ ಹರಡಿ. ಬಾಂಡ್‌ಕ್ಲಿಫ್ ಎಲ್ಲ ರಸ್ತೆಗಳಿಂದಲೂ ದೂರ. ತುದಿಯಲ್ಲಿ ಒಂದು ಬಂಡೆ ಪ್ರಪಾತದ ಮೇಲೆ ಚಾಚಿಕೊಂಡಿದೆ. ಅದರ ಮೇಲೆ ನಿಂತ ಚಿತ್ರವನ್ನು ಜನ ಚೌಕಟ್ಟು ಹಾಕಿಸಿ ಬೆಂಕಿಗೂಡಿನ ಮೇಲೆ ಇಡುತ್ತಾರೆ.

"ಅಲ್ಲಿಗೆ ನಾನು ಹೇಗೆ ಬರ್ಲಿ?" ಎಂದು ಕೇಳಿದೆ.

ಅವನು ನಕ್ಷೆಯಿಂದ ತಲೆಯೆತ್ತಿದ. "ನೀನೂ ಬರ್ತೀಯಾ?"

ಅವನ ಆಶ್ಚರ್ಯ ನಿಜವಾದದ್ದಾಗಿತ್ತು. ಮೂವತ್ತಕ್ಕೂ ಹೆಚ್ಚು ವರ್ಷ ಜೊತೆಗಿದ್ದವಳು ಅವನ ಸಂತೋಷದ ದಿನ ಪಕ್ಕದಲ್ಲಿ ನಿಲ್ಲಲು ಬಯಸಬಹುದೆಂಬುದು ಅವನಿಗೆ ಹೊಳೆದಿರಲೇ ಇಲ್ಲ.

"ಎಲ್ಲಾನೂ ನೀನೇ ಹತ್ತು, ಕಾರು ನಾನು ಓಡಿಸ್ತೀನಿ. ಕೊನೇದು ಮಾತ್ರ ನನ್ನ ಮಂಡಿಗೆ ಆಗೋವಂಥದ್ದು ಇರ್ಲಿ."

ಅವನು ಬಹಳ ಹೊತ್ತು ಬೆರಳಾಡಿಸಿ ಒಂದು ಕಡೆ ನಿಲ್ಲಿಸಿದ. "ಹಾಗಾದ್ರೆ ಪಿಯರ್ಸ್. ದಾರಿ ಸಲೀಸು. ಅಜ್ಜಿಯರೂ ಹತ್ತುತ್ತಾರೆ."

"ಈ ಅಜ್ಜಿಗೆ ಅದೇ ಸಾಕು."

ಆಮೇಲಿನ ಚಳಿಗಾಲಗಳಲ್ಲಿ ನಾನು ಬೆಟ್ಟಗಳನ್ನು ಕಂಡದ್ದು ಪಾರ್ಕಿಂಗ್ ಜಾಗಗಳಿಂದ. ಕಣಿವೆಯ ಈ ಬದಿಯಲ್ಲಿ ಅವನನ್ನೂ ಅವನ ಗೆಳೆಯ ಡ್ವೈಟ್‌ನನ್ನೂ ಇಳಿಸುವುದು, ಸುತ್ತು ಹಾಕಿ ಆ ಬದಿಗೆ ಹೋಗಿ ಕಾಯುವುದು. ಫ್ಲಾಸ್ಕಿನಲ್ಲಿ ಬಟಾಣಿ ಸೂಪು, ಹಿಂದಿನ ಸೀಟಿನಲ್ಲಿ ಒಣ ಕಾಲುಚೀಲ. ಕತ್ತಲಾದ ಮೇಲೂ ಅವರ ತಲೆದೀಪಗಳು ಮರಗಳ ನಡುವೆ ಕಾಣದಿದ್ದರೆ ಎಂಜಿನ್ನನ್ನು ಆರಿಸಿ, ಸದ್ದು ಕೇಳಿಸಿಕೊಳ್ಳುತ್ತಾ ಕೂರುವುದು. ಇದನ್ನು ದೂರೆಂದು ಹೇಳುತ್ತಿಲ್ಲ. ಆ ಕೆಲಸವನ್ನು ನಾನೇ ಕೇಳಿ ಪಡೆದಿದ್ದೆ, ಅದರ ಕೂಲಿ ಏನೆಂಬುದೂ ಗೊತ್ತಿತ್ತು. ಪಿಯರ್ಸ್.

ಕಳೆದ ವರ್ಷ ಮಂಡಿಯನ್ನು ಬದಲಿಸಿಕೊಂಡೆ. ಅಡುಗೆಮನೆಗೆ ನಡೆಯಲು ಹಳೆಯ ಮಂಡಿಯೇ ಸಾಕಿತ್ತು. ವ್ಯಾಯಾಮ ಹೇಳಿಕೊಡುವ ಹುಡುಗಿ ಗುರಿ ಏನೆಂದು ಕೇಳಿದಾಗ "ಪಿಯರ್ಸ್, ಫೆಬ್ರುವರಿಯಲ್ಲಿ," ಎಂದೆ. ಅವಳು ಅದನ್ನು ಗೋಡೆಯ ಬಿಳಿ ಹಲಗೆಯ ಮೇಲೆ ಬರೆದಳು. ಮನೆಯ ಹಿಂದಿನ ಹಳೆಯ ರೈಲು ದಾರಿಯಲ್ಲಿ, ಜಾರದಂತೆ ಬೂಟಿಗೆ ಮುಳ್ಳಿನ ಸರಪಳಿ ಕಟ್ಟಿಕೊಂಡು, ಬೆನ್ನಿನ ಚೀಲದಲ್ಲಿ ಭಾರಕ್ಕೆಂದು ಬೆಕ್ಕಿನ ಕಕ್ಕಸಿನ ಮರಳಿನ ಮೂಟೆ ಇಟ್ಟುಕೊಂಡು ನಡೆದೆ. ಪಕ್ಕದ ಮನೆಯವರು ಕಿಟಕಿಯಿಂದ ನೋಡಿ ಕೈಬೀಸುತ್ತಿದ್ದರು.

ಈ ಜನವರಿಯಲ್ಲಿ ಆರ್ಮಂಡ್ ಜಾಕ್ಸನ್ ಬೆಟ್ಟಕ್ಕೆ ಹೋದ ದಿನ ನನಗೆ ಆ ಹುಡುಗಿಯ ಬಳಿ ವ್ಯಾಯಾಮವಿತ್ತು. ಅವರು ಡ್ವೈಟ್‌ನ ಟ್ರಕ್ಕಿನಲ್ಲಿ ಹೋದರು. ಸಂಜೆ ಬಂದವನು "ಜಾಕ್ಸನ್ ಆಯ್ತು," ಎಂದಷ್ಟೇ ಹೇಳಿ ಸ್ನಾನಕ್ಕೆ ನಡೆದ. ಮುಂದಿನ ವಾರ ವಾಂಬೆಕ್, ಅದಕ್ಕೆ ನಾನೇ ಕಾರು ಓಡಿಸಿದೆ. ಫೆಬ್ರುವರಿಯ ಮೊದಲಲ್ಲಿ ಬಾಂಡ್‌ಕ್ಲಿಫ್. ಅಲ್ಲಿಗೆ ಡ್ವೈಟ್‌ನ ಹೆಂಡತಿ ಪಾಲೆಟ್ ಕೂಡ ಹೋದಳು. ನಮ್ಮೆಲ್ಲರಿಗಿಂತ ಗಟ್ಟಿ ಕಾಲು ಅವಳದು.

ಬಾಂಡ್‌ಕ್ಲಿಫ್‌ನಿಂದ ಇಳಿದು ಬಂದಾಗ ಆರ್ಮಂಡ್‌ನ ಹಣೆಯ ಮೇಲೆ ಸಣ್ಣ ಗಾಯವಿತ್ತು. "ಸ್ಪ್ರೂಸ್ ಕೊಂಬೆ ಬಡೀತು," ಎಂದ. ಕಾರಿನ ಒಳದೀಪದಲ್ಲಿ ನಾನೇ ಅದನ್ನು ಒರೆಸಿ ಪಟ್ಟಿ ಹಚ್ಚಿದೆ. ಅಗಲವಿಲ್ಲದ, ಗುಂಡಾದ, ಒಂದೇ ಕಡೆ ಚುಚ್ಚಿದ ಗಾಯ. ಕೊಂಬೆ ಬಡಿದರೆ ಗೀರು ಬೀಳುತ್ತದಲ್ಲ ಎಂದು ಅನ್ನಿಸಿತು, ಅಲ್ಲಿಗೇ ಬಿಟ್ಟೆ. ಪಾಲೆಟ್ ಬಂದು ಕಿಟಕಿ ತಟ್ಟಿ, ಹಾಳೆಯಲ್ಲಿ ಸುತ್ತಿದ ಕೇಕಿನ ತುಂಡು ಕೊಟ್ಟಳು. ಮೇಪಲ್ ಪಾಕದ್ದು, ಅಕ್ರೋಟು ಹಾಕಿದ್ದು. "ಉಳೀತು ಕಣೇ, ತಿನ್ನು." ಹಸಿದಿದ್ದೆ. ಪೂರ್ತಿ ತಿಂದೆ.

ಹೀಗೆ ಉಳಿದದ್ದು ಒಂದು.

ಫೆಬ್ರುವರಿಯ ಕೊನೆಯ ವಾರ, ಗಾಳಿ ಕಡಿಮೆಯಿದ್ದ ಒಂದು ದಿನ, ನಾಲ್ವರೂ ಪಿಯರ್ಸ್‌ಗೆ ಹೊರಟೆವು. ಕಾರಿಗೆ ಬೀಗ ಹಾಕಿ ಅದಕ್ಕೆ ಬೆನ್ನು ಮಾಡಿ ನಡೆದದ್ದು ನನಗೆ ಅದೇ ಮೊದಲು. ಜನ ನಡೆದೂ ನಡೆದೂ ಹಿಮ ಗಟ್ಟಿಯಾಗಿ ಕಾಂಕ್ರೀಟಿನಂತಿತ್ತು. ದಾರಿಯಿಂದ ಒಂದು ಹೆಜ್ಜೆ ಆಚೆ ಇಟ್ಟರೆ ಸೊಂಟದವರೆಗೂ ಹೂತುಹೋಗುತ್ತಿದ್ದೆವು. ಆರ್ಮಂಡ್ ನನ್ನ ಹಿಂದೆ ಬಂದ. ಡ್ವೈಟ್ ಮುಂದೆ.

"ಅಜ್ಜಿ, ಹೀಗೆ ನಡೆದ್ರೆ ನಾವು ತಲುಪೋ ಹೊತ್ತಿಗೆ ವಸಂತ ಬರುತ್ತೆ. ಅವನ ಬೆಟ್ಟ ಲೆಕ್ಕಕ್ಕೆ ಸಿಗಲ್ಲ!"

"ನಿನ್ನ ಬಾಯಿಗಿಂತ ನನ್ನ ಕಾಲು ಚುರುಕಾಗಿದೆ, ನಡಿ ನಡಿ."

"ಆರ್ಮಂಡ್, ಹೊಸ ಮಂಡಿಗೆ ಗ್ಯಾರಂಟಿ ಕಾರ್ಡ್ ತಂದಿದೀಯೇನಯ್ಯಾ?"

ಆರ್ಮಂಡ್ ನಗಲಿಲ್ಲ. ನಡುನಡುವೆ ನನ್ನ ಬೆನ್ನಿಗೆ ಕೈ ಕೊಡುತ್ತಿದ್ದ. ಅವನಿಗೂ ಎದೆ ತುಂಬಿ ಬಂದಿದೆ, ಅದಕ್ಕೇ ಮಾತಿಲ್ಲ ಎಂದುಕೊಂಡೆ. ನಾನು ಅಷ್ಟು ಸಂತೋಷವಾಗಿದ್ದೆ.

ಮರಗಳು ಗಿಡ್ಡವಾಗಿ, ಹಿಮದ ಗುಪ್ಪೆಗಳಾಗಿ, ಕೊನೆಗೆ ಮೊಣಕಾಲೆತ್ತರಕ್ಕೆ ಇಳಿದವು. ಉತ್ತರಕ್ಕೆ ವಾಷಿಂಗ್ಟನ್ ಬೆಟ್ಟ ಒಂದೂ ಮೋಡವಿಲ್ಲದೆ ನಿಂತಿತ್ತು. ತುದಿಗೆ ಸ್ವಲ್ಪವೇ ದೂರವಿದ್ದಾಗ ಡ್ವೈಟ್ ಮತ್ತು ಪಾಲೆಟ್ ಮುಂದೆ ಓಡಿ, ದಾರಿಯ ಆಚೆಗೊಬ್ಬರು ಈಚೆಗೊಬ್ಬರು ನಿಂತು, ಊರಿಕೊಂಡು ಬಂದಿದ್ದ ಕೋಲುಗಳನ್ನೆತ್ತಿ ತುದಿಗೆ ತುದಿ ತಾಗಿಸಿ ಕಮಾನು ಮಾಡಿದರು. ಪಟ್ಟಿ ಮುಗಿಸುವವನನ್ನು ಹೀಗೆ ಕಮಾನಿನ ಕೆಳಗೆ ದಾಟಿಸುವುದು ಇಲ್ಲಿಯ ಪದ್ಧತಿ. ಆರ್ಮಂಡ್ ನನ್ನ ಕೈ ಹಿಡಿದ. ಇಬ್ಬರೂ ತಲೆ ತಗ್ಗಿಸಿದೆವು.

"ಮೇಲೆ ಹಿಡಿಯೋ ಡ್ವೈಟ್," ಎಂದಳು ಪಾಲೆಟ್ ನಗುತ್ತಾ, "ಹೋದ ಸಲದ ಹಾಗೆ ಅವನ ಹಣೆಗೆ ಚುಚ್ಚೀಯ!"

ನಾನು ನಿಂತೆ. ಕಮಾನು ನಮ್ಮ ತಲೆಯ ಮೇಲೇ ಇತ್ತು.

ನನ್ನ ಉದ್ಯೋಗವೆಲ್ಲ ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕಳೆಯಿತು. ಒಂದು ಮಾದರಿಯಲ್ಲಿ ಸೀಸ ಕಂಡರೆ ನಾವು ಯಾರಿಗೂ ಹೇಳುವುದಿಲ್ಲ. ಅದೇ ಬಾವಿಯ ಎರಡನೆಯ ಮಾದರಿ ನೋಡುತ್ತೇವೆ. ಎರಡೂ ಒಂದೇ ಮಾತು ಹೇಳಿದರೆ ಮನೆಯವರಿಗೆ ಫೋನ್ ಮಾಡುತ್ತೇವೆ. ಒಂದು ದುಂಡನೆಯ ಗಾಯ. ಒಂದು ತುಂಡು ಕೇಕು. ಈಗ ಪಾಲೆಟ್‌ನ ಚೀಲದಿಂದ ಹೊರಗೆ ಬಂದಿದ್ದ ಡಬ್ಬಿಯಲ್ಲೂ ಅದೇ ಮೇಪಲ್, ಅದೇ ಅಕ್ರೋಟು.

"ಯಾವ ಸಲ?" ಎಂದೆ.

ಪಾಲೆಟ್‌ನ ಮುಖ ಇಳಿಯಿತು. "ಅಯ್ಯೋ, ಅದು... ಬೇರೆ ಯಾರೋ ಮುಗಿಸಿದಾಗ ಕಣೇ..."

"ಬಾಂಡ್‌ಕ್ಲಿಫ್ ಮೇಲೆ?"

ಡ್ವೈಟ್ ಕೋಲು ಇಳಿಸಿ ತನ್ನ ಬೂಟು ನೋಡಿಕೊಂಡ. ಆರ್ಮಂಡ್, "ವೆರ್ನಾ, ಮೊದಲು ಟೋಪಿ ಸರಿ ಮಾಡ್ಕೋ. ಗಾಳಿ ಇದೆ," ಎಂದ.

"ಟೋಪಿ ಸರಿಯಾಗೇ ಇದೆ. ಹೇಳು."

ಅವನು ಹೇಳಿದ. ಜಾಕ್ಸನ್‌ನ ನೆತ್ತಿಯ ಬಂಡೆ ಪೂರ್ತಿ ಮಂಜುಗಡ್ಡೆ ಕಟ್ಟಿತ್ತಂತೆ. ಹತ್ತಿದ ಕಡೆಯೇ ಇಳಿಯುವುದು ಅಪಾಯವೆಂದು ಡ್ವೈಟ್ ಹೇಳಿದನಂತೆ. ಮುಂದೆ ಸಾಗಿದರೆ ಸಲೀಸು ದಾರಿ ಸಿಗುತ್ತದೆ, ಆದರೆ ಆ ದಾರಿಗೆ ಸೇರಲು ಪಿಯರ್ಸ್‌ನ ನೆತ್ತಿಯನ್ನೇ ದಾಟಬೇಕು.

"ಶಿಖರ ದಾರಿ ಮೇಲೇ ಇದೆ, ನೀನೇ ನೋಡು. ಪಕ್ಕಕ್ಕೆ ಹೋದ್ರೆ ಎದೆಮಟ್ಟ ಹಿಮ. ಕಣ್ಣು ಮುಚ್ಕೊಂಡು ದಾಟ್ಬೇಕಿತ್ತಾ?"

"ದಾಟಿದ್ದಕ್ಕೆ ನಾನು ಏನೂ ಅಂದಿಲ್ಲ. ಆ ದಿನ ಮನೆಗೆ ಬಂದು ಇದನ್ನೇ ಹೇಳಿದ್ರೆ ನಗ್ತಿದ್ದೆ. ಅದಾದ ಮೇಲೆ ನಿಂಗೆ ಎಷ್ಟು ಉಳಿದಿತ್ತು?"

"ಎರಡು."

"ವಾಂಬೆಕ್, ಬಾಂಡ್‌ಕ್ಲಿಫ್."

"ಹೌದು."

"ವಾಂಬೆಕ್ ನನ್ನ ಮಂಡಿಗೆ ಆಗ್ತಿತ್ತು, ಆರ್ಮಂಡ್."

ಅವನು ಉತ್ತರಿಸಲು ತಡ ಮಾಡಿದ. ಸುಳ್ಳು ಹುಡುಕುತ್ತಿರಲಿಲ್ಲ. ತಾನು ಏನು ಯೋಚಿಸಿದ್ದೆನೆಂದು ನೆನಪು ಮಾಡಿಕೊಳ್ಳುತ್ತಿದ್ದನೆಂದು ಕಾಣುತ್ತದೆ. "ಆಗ್ತಿತ್ತು," ಎಂದ ಕೊನೆಗೆ. "ಆದ್ರೆ ನಾವು ಮಾತಾಡಿದ್ದು ಪಿಯರ್ಸ್ ಬಗ್ಗೆ. ಅದು ಕೈಬಿಟ್ಟು ಹೋಯ್ತಲ್ಲ. ಅಂದ್ಮೇಲೆ..."

"ಅಂದ್ಮೇಲೆ ನಿಂಗೆ ಬೇಕಾದ್ದು ತಗೊಂಡೆ."

ವಾಂಬೆಕ್‌ನ ಬುಡದಲ್ಲಿ ಆ ದಿನ ನಾನು ಸೂಪು ಹಿಡಿದು ಕಾದಿದ್ದೆ. ಬಾಂಡ್‌ಕ್ಲಿಫ್‌ನ ಬುಡದಲ್ಲೂ. ಅವನು ನನ್ನ ಕಾರಿನಲ್ಲಿ ಕೂತು, ನಾನು ಬಿಸಿ ಮಾಡಿಟ್ಟಿದ್ದ ಸೀಟಿನ ಮೇಲೆ ಕೂತು, ಎಲ್ಲ ಮುಗಿಸಿ ಬಂದಿದ್ದ.

ಡ್ವೈಟ್ ನಡುವೆ ಬಾಯಿ ಹಾಕಿದ. "ವೆರ್ನಾ, ನಿನ್ನ ಖುಷಿಗೇ ಮಾಡಿದ್ದು ಕಣಮ್ಮ. ಇಷ್ಟು ಕಷ್ಟಪಟ್ಟು ಕಾಲು ತಯಾರು ಮಾಡ್ಕೊಂಡಿದ್ಯಾ, ಮನಸ್ಸಿಗೆ ಬೇಜಾರಾಗ್ಬಾರ್ದು ಅಂತ. ಪಾಲೆಟ್ ಎರಡನೇ ಸಲ ಕೇಕ್ ಮಾಡಿದಾಳೆ ಪಾಪ."

"ನಿಮ್ಮಿಬ್ಬರಿಗೂ ಎಲ್ಲಾ ಗೊತ್ತಿತ್ತು."

"ಗೊತ್ತಿತ್ತು," ಎಂದಳು ಪಾಲೆಟ್, ನನ್ನ ಕಡೆ ನೋಡದೆ.

ನಾಲ್ವರಲ್ಲಿ ಮೂವರು ನಾಟಕವಾಡುತ್ತಿದ್ದರು, ನಾಲ್ಕನೆಯವಳು ಬೆವರು ಒರೆಸಿಕೊಳ್ಳುತ್ತಾ ಹತ್ತುತ್ತಿದ್ದಳು. ಮಕ್ಕಳ ಹುಟ್ಟುಹಬ್ಬದಲ್ಲಿ ದೊಡ್ಡವರು ಬೇಕೆಂದೇ ಆಟ ಸೋತು ಚಪ್ಪಾಳೆ ತಟ್ಟುತ್ತಾರಲ್ಲ, ಹಾಗೆ.

ನನಗೆ ಇನ್ನೊಂದು ವಿಷಯ ಹೊಳೆಯಿತು. ಪಟ್ಟಿ ಮುಗಿಸಿದವರಿಗೆಲ್ಲ ಏಪ್ರಿಲ್‌ನಲ್ಲಿ ಒಂದು ಊಟವಿರುತ್ತದೆ. ಒಬ್ಬೊಬ್ಬರ ಹೆಸರನ್ನೂ ಅವರ ಕೊನೆಯ ಬೆಟ್ಟದ ಹೆಸರಿನ ಜೊತೆ ಓದಿ ಪ್ರಮಾಣಪತ್ರ ಕೊಡುತ್ತಾರೆ.

"ಏಪ್ರಿಲ್ ಊಟದಲ್ಲಿ ಎಲ್ಲರ ಮುಂದೆ ಓದ್ತಾರಲ್ಲ. ಆಗೇನು ಮಾಡ್ತಿದ್ದೆ?"

"ನಿಂಗೆ ಆ ಊಟ ಇಷ್ಟ ಇಲ್ಲ. ನೀನೇ ಬರಲ್ಲ ಅಂದಿದ್ದೆ," ಎಂದ ಆರ್ಮಂಡ್.

ಮೋಜಣಿದಾರ. ಜಾಗ ಅಳೆದೇ ಗೂಟ ನೆಟ್ಟಿದ್ದ.

ಪಾಲೆಟ್ ಕೇಕ್ ಕತ್ತರಿಸಿದಳು, ಬೇರೇನು ಮಾಡಬೇಕೆಂದು ತಿಳಿಯದೆ. ಅಲ್ಲಿಯ ಬೂದು ಹಕ್ಕಿಗಳಿಗೆ ಮನುಷ್ಯರ ಭಯವಿಲ್ಲ. ಒಂದು ಬಂದು ನನ್ನ ಕೈಗವಸಿನ ಮೇಲೆ ಕೂತು ನನ್ನ ತುಂಡನ್ನು ಕುಕ್ಕಿ ಕೊಂಡೊಯ್ದಿತು. ನಾನು ಬಿಟ್ಟೆ. ಡ್ವೈಟ್ ಒಂದು ಕೊನೆಯ ಪ್ರಯತ್ನ ಮಾಡಿದ: "ಯೋಚನೆ ಮಾಡು, ಇದು ನಿನ್ನ ಮೊದಲ ಚಳಿಗಾಲದ ಬೆಟ್ಟ! ಒಂದು ಫೋಟೋ?"

"ತೆಗಿ," ಎಂದೆ. "ನಾನೊಬ್ಬಳೇ."

ಇಳಿಯುವಾಗ ನಾನು ಎಲ್ಲರಿಗಿಂತ ಮುಂದಿದ್ದೆ. ಮಂಡಿ ಸ್ವಲ್ಪವೂ ನೋಯಲಿಲ್ಲ. ವೈದ್ಯರ ಕೆಲಸ ಅಷ್ಟು ಚೆನ್ನಾಗಿತ್ತು.

ಏಪ್ರಿಲ್‌ನ ಊಟಕ್ಕೆ ನಾನು ಹೋದೆ. ಆರ್ಮಂಡ್ ಬೇಡವೆನ್ನಲಿಲ್ಲ. ಶಾಲೆಯೊಂದರ ಸಭಾಂಗಣ, ಕಾಗದದ ಮೇಜುಬಟ್ಟೆ, ಕೋಳಿ ಮತ್ತು ಬೇಯಿಸಿದ ಬೀನ್ಸು. ಆರ್ಮಂಡ್ ಪೆಲ್ಟಿಯೆ, ಬಾಂಡ್‌ಕ್ಲಿಫ್, ಎಂದು ಓದಿದರು. ಜನ ಮೇಜು ಬಡಿದರು. ನಾನೂ ಚಪ್ಪಾಳೆ ತಟ್ಟಿದೆ. ಎದುರಿಗಿದ್ದ ಹೆಂಗಸೊಬ್ಬಳು ಮುಂದಕ್ಕೆ ಬಾಗಿ, "ಎಷ್ಟು ಚೆಂದದ ಆಯ್ಕೆ! ನೀವೂ ಮೇಲಿದ್ರಾ?" ಎಂದು ಕೇಳಿದಳು.

"ಇಲ್ಲ. ಕಾರಲ್ಲಿದ್ದೆ."

ಪತ್ರ ಹಿಡಿದು ಬಂದು ಕೂತ ಆರ್ಮಂಡ್ ಮೇಜಿನ ಕೆಳಗೆ ನನ್ನ ಕೈ ಮುಟ್ಟಿದ. ಆ ಕೈ ಬೆಚ್ಚಗಿತ್ತು. ನಾನು ನನ್ನದನ್ನು ತೆಗೆಯಲಿಲ್ಲ. ಎರಡು ತಿಂಗಳ ಕಡಿಮೆ ಮಾತಿನಿಂದ ನನಗೂ ದಣಿವಾಗಿತ್ತು. ಮನೆಗೆ ಹೋಗುವ ದಾರಿಯಲ್ಲಿ ಏನಾದರೂ ಹೇಳೋಣ, ಇದನ್ನು ಇಲ್ಲಿಗೆ ಮುಗಿಸೋಣ ಎಂದುಕೊಂಡೆ.

ಆಗ ಅವನ ಆಚೆ ಬದಿಯಲ್ಲಿ ಕೂತಿದ್ದ ಗಡ್ಡದವನು ಅವನನ್ನು ಮಾತಿಗೆಳೆದ. "ಮುಂದೇನು ಯಜಮಾನ್ರೇ? ಸುಮ್ನೆ ಕೂರೋ ಮುಖ ಅಲ್ಲ ನಿಮ್ದು."

"ತಿಂಗಳ ಪಟ್ಟಿ ಹಿಡಿಯೋಣ ಅಂತ," ಎಂದ ಆರ್ಮಂಡ್. ಅದು ಎಲ್ಲಕ್ಕಿಂತ ಉದ್ದದ ಪಟ್ಟಿ. ನಲವತ್ತೆಂಟು ಬೆಟ್ಟಗಳನ್ನೂ ವರ್ಷದ ಪ್ರತಿ ತಿಂಗಳಲ್ಲೂ ಒಮ್ಮೊಮ್ಮೆ ಹತ್ತಬೇಕು. ಒಂದೊಂದು ತಿಂಗಳಿಗೆ ಒಂದೊಂದು ಚೌಕ.

"ಅಬ್ಬಬ್ಬಾ! ಶುರು ಆಯ್ತಾ?"

"ಹಳೇವೂ ಸೇರ್ತಾವಲ್ಲ. ಪಿಯರ್ಸ್‌ನದು ನೋಡಿ ಅದೃಷ್ಟ," ಎಂದ ನನ್ನ ಗಂಡ. ನನ್ನ ಕೈ ಇನ್ನೂ ಅವನ ಕೈಯಲ್ಲಿತ್ತು. "ಜನವರೀನೂ ಆಗಿದೆ, ಫೆಬ್ರುವರೀನೂ ಆಗಿದೆ. ಇಲ್ದಿದ್ರೆ ಅದೇ ಬೆಟ್ಟಕ್ಕೆ ಒಂದೇ ಚಳಿಗಾಲದಲ್ಲಿ ಯಾರು ಎರಡು ಸಲ ಹೋಗ್ತಾರೆ?"

ಗಡ್ಡದವನು ಒಪ್ಪಿ ತಲೆಯಾಡಿಸಿದ.

ನಾನು ಕೈ ಬಿಡಿಸಿಕೊಂಡು, ಕಾರಿನ ಕೀಲಿಯನ್ನು ಅವನ ತಟ್ಟೆಯ ಪಕ್ಕ ಇಟ್ಟು, ಕೋಟು ತೆಗೆದುಕೊಂಡು ಹೊರಗೆ ನಡೆದೆ. ಅವನು ಅದನ್ನು ಗಮನಿಸಿದನೋ ಇಲ್ಲವೋ ಗೊತ್ತಿಲ್ಲ. ಅಂಗಳದ ಅಂಚಿನಲ್ಲಿ ಹಿಮ ಕೊಳೆಯಾಗಿ ಕರಗುತ್ತಿತ್ತು. ನಮ್ಮ ಕಾರಿಗೆ ಯಾವತ್ತೂ ಬೀಗ ಹಾಕುತ್ತಿರಲಿಲ್ಲ, ಬೆಟ್ಟದ ಬುಡದಲ್ಲಿ ಬಿಟ್ಟು ಹೋದಾಗ ಮಾತ್ರ. ಒಳಗೆ ಕೂತು ಬಾಗಿಲು ಹಾಕಿಕೊಂಡೆ.

ಬಹಳ ಹೊತ್ತಿನ ಮೇಲೆ ಅವನು ಬಂದ, ಕಂಕುಳಲ್ಲಿ ಪತ್ರದ ಸುರುಳಿ. ಎಲ್ಲ ಚಳಿಗಾಲಗಳಲ್ಲೂ ಬಂದಂತೆ ನೇರವಾಗಿ ಓಡಿಸುವವರ ಪಕ್ಕದ ಸೀಟಿನ ಬಾಗಿಲಿಗೆ ಬಂದು ತೆರೆದ. ಆ ಸೀಟಿನಲ್ಲಿ ನಾನು ಕೂತಿದ್ದೆ. ಕಾರು ಬೆಚ್ಚಗಿರಲಿಲ್ಲ. ಅವನು ಬಾಗಿಲನ್ನು ಮೆಲ್ಲಗೆ ಮುಚ್ಚಿ, ಕಾರಿನ ಮುಂದಿನಿಂದ ಸುತ್ತಿಕೊಂಡು ಓಡಿಸುವವರ ಕಡೆಗೆ ನಡೆದ.