ಗೋಲಿನ ಮುಂದೆ ನಿಂತವಳು

ನನಗೆ ಸಂಶಯ ಜಾಸ್ತಿ. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಇಲ್ಲವಾದರೆ ನನ್ನ ಗಂಡ ಪ್ರಲ್ಹಾದರಾಯರು ಹೇಳುತ್ತಾರೆ. ಹಾಲಿನವನು ಹಾಕಿದ ಹಾಲಿಗೆ ದಿನಾ ಬೆರಳದ್ದಿ ನೋಡುವವಳು ನಾನು. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುವ ಮಾತು ಸುಮ್ಮನೆ ಹುಟ್ಟಿಲ್ಲ. ಮೂವತ್ತೊಂದು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದ್ದೇನೆ. ತಾನೇ ಬಿಡಿಸಿದ ಲೆಕ್ಕ ಯಾವುದು, ಪಕ್ಕದವರ ಪಾಟಿ ನೋಡಿ ಬರೆದದ್ದು ಯಾವುದು ಎಂದು ಮಗುವಿನ ಮುಖ ನೋಡಿದರೆ ನನಗೆ ತಿಳಿಯುತ್ತದೆ.

ನನ್ನ ಎರಡನೆಯ ರೋಗ ಹಾಕಿ. ಮಗಳು ಮೃಣಾಲ ಇಲ್ಲಿಯ ಮಹಿಳಾ ಕಾಲೇಜಿನ ತಂಡದಲ್ಲಿ ಎರಡು ವರ್ಷ ಆಡಿದಳು. ಓದು ಮುಗಿಸಿ ಕೆಲಸ ಹಿಡಿದಳು, ಸ್ಟಿಕ್ಕನ್ನು ಅಟ್ಟಕ್ಕೆ ಹಾಕಿದಳು. ನಾನು ಮಾತ್ರ ಮೈದಾನ ಬಿಡಲಿಲ್ಲ. ಹತ್ತೊಂಬತ್ತು ವರ್ಷದಿಂದ ನಮ್ಮ ಹುಡುಗಿಯರ ಒಂದು ಪಂದ್ಯವನ್ನೂ ತಪ್ಪಿಸಿಲ್ಲ. ಕೊಡೆ, ನೀರಿನ ಬಾಟಲಿ, ಒಂದು ಡಬ್ಬಿ ಅವಲಕ್ಕಿ ಚೂಡಾ ಹಿಡಿದು ನಾನು ಆಟೋ ಹತ್ತಿದೆನೆಂದರೆ ಇವತ್ತು ಪಂದ್ಯವಿದೆ ಎಂದು ಜಲನಗರದ ನಮ್ಮ ಓಣಿಗೆಲ್ಲ ಗೊತ್ತಾಗುತ್ತದೆ. “ಆ ಹುಡುಗ್ಯಾರ ಮ್ಯಾಲಿರೋ ಜೀವದಾಗ ನಾಲ್ಕಾಣೆ ನನ್ನ ಮ್ಯಾಲ ಇದ್ದಿದ್ರ ನಾ ಇನ್ನೂ ಸ್ವಲ್ಪ ದಪ್ಪ ಆಗ್ತಿದ್ದೆ ನೋಡು” ಎನ್ನುತ್ತಾರೆ ರಾಯರು. ಅವರು ಈಗಲೇ ಬೇಕಾದಷ್ಟು ದಪ್ಪ ಇದ್ದಾರೆ.

ಹೋದ ವರ್ಷ ಸೆಮಿಫೈನಲ್‌ನಲ್ಲಿ ಬಬಲೇಶ್ವರದ ತಂಡದ ಒಬ್ಬ ಹುಡುಗಿ ನಮ್ಮ ಮೇಲೆ ಮೂರು ಗೋಲು ಹಾಕಿದಳು. ಪಟ್ಟಿಯಲ್ಲಿ ಅವಳ ಹೆಸರು ಲಕ್ಷ್ಮಿ ಎಂದಿತ್ತು. ಆದರೆ ಜೊತೆಯವರು ಲಕ್ಷ್ಮೀ ಎಂದು ಕೂಗಿದರೆ ಅವಳು ಸ್ವಲ್ಪ ತಡೆದು ತಿರುಗುತ್ತಿದ್ದಳು. ತನ್ನ ಹೆಸರಿಗೆ ಯಾರಾದರೂ ತಡವಾಗಿ ತಿರುಗುತ್ತಾರೆಯೇ? ಎದ್ದು ಹೋಗಿ ಅಧಿಕಾರಿಗಳ ಮೇಜಿನ ಮುಂದೆ ನಿಂತು ದೂರು ಕೊಟ್ಟೆ. ವಿಚಾರಿಸಿದರೆ ಅವಳು ರಾಚವ್ವ. ಫೇಲಾಗಿ ಆ ವರ್ಷ ಕಾಲೇಜಿನ ಹಾಜರಿಯಲ್ಲಿ ಹೆಸರೇ ಇಲ್ಲದವಳು, ಗೆಳತಿಯ ಹೆಸರಿನಲ್ಲಿ ಆಡುತ್ತಿದ್ದಳು. ಇಡೀ ತಂಡವನ್ನೇ ಹೊರಗೆ ಹಾಕಿದರು. ಆ ಹುಡುಗಿ ಮೈದಾನದ ನಡುವೆ ಕೂತು ಅತ್ತಳು. ನನಗೆ ಪಾಪ ಅನಿಸಲಿಲ್ಲ ಎಂದಲ್ಲ. ಆದರೂ ನಿಯಮ ಎಂದರೆ ನಿಯಮ ಎಂದು ಕೇಳಿದವರಿಗೂ ಹೇಳಿದೆ, ಕೇಳದವರಿಗೂ ಹೇಳಿದೆ. ಈ ತುಳಸಾಬಾಯಿಯ ಕಣ್ಣು ತಪ್ಪಿಸಲು ಆಗುವುದಿಲ್ಲ ಎಂದು ಎಲ್ಲ ತಂಡಗಳಲ್ಲೂ ಮಾತಾಯಿತು. ನನಗೆ ಅದರ ಹೆಮ್ಮೆ ಇತ್ತು.

ಈ ವರ್ಷ ಫೈನಲ್‌ಗೆ ಬಂದದ್ದು ಅದೇ ಎರಡು ತಂಡಗಳು. ರಾಚವ್ವ ಫೇಲಾಗಿದ್ದ ಪರೀಕ್ಷೆ ಮತ್ತೆ ಬರೆದು, ಪಾಸಾಗಿ, ತನ್ನ ಸ್ವಂತ ಹೆಸರಿನಲ್ಲಿ ಬಂದಿದ್ದಳು. ಅಂಗಿಯ ಮೇಲೆ ಒಂಬತ್ತನೆಯ ನಂಬರು. ನಾನು ಎಂದಿನಂತೆ ನಮ್ಮ ಗೋಲಿನ ಹಿಂದೆ, ತಂತಿ ಬೇಲಿಯ ಪಕ್ಕ, ಬೇವಿನ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡೆ.

ನಮ್ಮ ಗೋಲ್‌ಕೀಪರ್, ಹುಡುಗಿಯರ ಮಾತಿನಲ್ಲಿ ಗೋಲಿ, ಕಾವ್ಯಾ. ಆಟಕ್ಕೆ ಮೊದಲು ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಬೇಲಿಯ ಹತ್ತಿರ ಬಂದು, “ಬಾಯಾರ, ಚೂಡಾ ತರ್ರಿ” ಎಂದು ಕೈ ಚಾಚುವುದು ಅವಳ ಪದ್ಧತಿ. ಅಂದು ಅವಳು ಬರಲಿಲ್ಲ. ಬಟ್ಟೆ ಬದಲಿಸುವ ಕೋಣೆಯಿಂದಲೇ ಹೆಲ್ಮೆಟ್ ಹಾಕಿಕೊಂಡು ಬಂದು ನೆಟ್ಟಗೆ ಗೋಲಿನ ಮುಂದೆ ನಿಂತಳು. ಮಾರ್ಚಿನ ಬಿಸಿಲು. ಆ ಬಿಸಿಲಲ್ಲಿ ಯಾರೂ ಒಂದು ನಿಮಿಷ ಮೊದಲು ಆ ಕಬ್ಬಿಣದ ಜಾಲರಿಯೊಳಗೆ ತಲೆ ತೂರಿಸುವುದಿಲ್ಲ. ನನ್ನ ತಲೆಯೊಳಗೆ ಹುಳ ಹೊಕ್ಕಿತು.

ತಂಡದ ದೈಹಿಕ ಶಿಕ್ಷಕಿ ಶಾಹಿಸ್ತಾ ಅಲ್ಲೇ ಹಾದುಹೋಗುತ್ತಿದ್ದಳು. ಕೂಗಿ ಕೇಳಿದೆ, “ಕಾವ್ಯಾ ಅರಾಮ ಇದ್ದಾಳಿಲ್ಲೋ?”

“ಕಾವ್ಯಾನ್ರಿ? ಅಲ್ಲೇ ನಿಂತಾಳಲ್ರಿ ಬಾಯಾರ. ಅಕೀನ ಕಾವ್ಯಾ, ನೋಡ್ರಿ ಬೇಕಾದ್ರ.”

ನಾನು ಕೇಳಿದ್ದು ಆರಾಮಿದ್ದಾಳೋ ಎಂದು. ಅವಳೇ ಕಾವ್ಯಾನೋ ಎಂದು ಯಾರು ಕೇಳಿದ್ದರು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಶಾಹಿಸ್ತಾ ಒಳ್ಳೆಯ ಹುಡುಗಿ, ಆದರೆ ಸುಳ್ಳು ಹೇಳಲು ಬರುವುದಿಲ್ಲ. ನನ್ನ ಕಡೆ ಮತ್ತೆ ತಿರುಗಿ ನೋಡದೆ ಓಡಿದಳು.

ಆಟ ಶುರುವಾದ ಮೇಲೆ ನಾನು ಚೆಂಡನ್ನು ನೋಡಲೇ ಇಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಗೋಲಿನ ಮುಂದಿನವಳನ್ನೇ ನೋಡಿದೆ. ಕಾವ್ಯಾ ಗೆರೆ ಬಿಟ್ಟು ಕದಲದ ಹುಡುಗಿ. ಇವಳು ಚೆಂಡು ದೂರದಲ್ಲಿರುವಾಗಲೇ ನಾಲ್ಕು ಹೆಜ್ಜೆ ಮುಂದೆ ಹೋಗುತ್ತಿದ್ದಳು. ಕಾವ್ಯಾ ಆಟದುದ್ದಕ್ಕೂ ಗಂಟಲು ಹರಿಯುವ ಹಾಗೆ ಅರಚುವವಳು. ಇವಳು ಬಾಯಿಯೇ ಬಿಡುತ್ತಿಲ್ಲ. ಅಂದರೆ ದನಿ ಕೇಳಿದರೆ ಗುರುತು ಹತ್ತುತ್ತದೆ ಎಂಬ ಅಂಜಿಕೆ. ಯಾರೋ ಸೊಲ್ಲಾಪುರದ ಕಡೆಯ ಆಟಗಾರ್ತಿಯನ್ನು ತಂದು ನಿಲ್ಲಿಸಿದ್ದಾರೆ ಎಂದುಕೊಂಡೆ. ನನ್ನ ತಂಡ, ನನ್ನ ಹತ್ತೊಂಬತ್ತು ವರ್ಷದ ತಂಡ ಹೀಗೆ ಮಾಡುವುದೇ? ಈ ನಡುವೆ ನಮ್ಮವರು ಒಂದು ಗೋಲು ಹಾಕಿದರು. ಸುತ್ತಲಿನವರು ಕುಣಿದರು, ನನಗೆ ಚಪ್ಪಾಳೆ ತಟ್ಟಲು ಕೈ ಬರಲಿಲ್ಲ.

ಅರ್ಧ ಆಟ ಮುಗಿಯುವ ಮುನ್ನ ರಾಚವ್ವ ಹೊಡೆದ ಚೆಂಡು ಗೋಲಿಯ ಎದೆಗೆ ಬಡಿಯಿತು. ಸೀಟಿ ಊದಿದ ಮೇಲೆ ಎಲ್ಲರೂ ನೀರಿಗೆ ಓಡಿದರು. ಅವಳು ಮಾತ್ರ ಗೋಲಿನ ಬಲೆಯ ಹಿಂದೆ ಬಂದು, ಮೈದಾನಕ್ಕೆ ಬೆನ್ನು ಹಾಕಿ ಕೂತಳು. ಬಲಗೈಯ ಗವಸು ತೆಗೆದಳು. ಅಂಗಿಯ ಕೊರಳಿನೊಳಗೆ ಬೆರಳು ಹಾಕಿ ಏನನ್ನೋ ಹೊರಗೆಳೆದು ತಿರುವಿ ನೋಡಿದಳು. ಹೆಲ್ಮೆಟ್ಟಿನ ಜಾಲರಿಯ ಮೇಲೆಯೇ ಅದನ್ನು ಒಂದು ಕಣ್ಣಿಗೆ, ಆಮೇಲೆ ಇನ್ನೊಂದು ಕಣ್ಣಿಗೆ ಒತ್ತಿಕೊಂಡು ಮತ್ತೆ ಒಳಗೆ ಬಿಟ್ಟಳು.

ತಾಳಿ. ಪೆಟ್ಟಾಯಿತೋ, ಹೊರಗೆ ಬಂತೋ, ನಮಗೆ ಗೊತ್ತಿಲ್ಲದೆಯೇ ಕೈ ಅದನ್ನು ಕಣ್ಣಿಗೆ ಒಯ್ಯುತ್ತದೆ. ನಾನೂ ಮೂವತ್ತೆಂಟು ವರ್ಷದಿಂದ ಹಾಗೇ ಮಾಡುತ್ತ ಬಂದಿದ್ದೇನೆ. ಕಾವ್ಯಾಳಿಗೆ ಇನ್ನೂ ಮದುವೆಯಾಗಿಲ್ಲ.

ಕುರ್ಚಿ ಬಿಟ್ಟು ಬೇಲಿಗೆ ಹೋದೆ. “ಯಾರು ನೀ? ಖರೇ ಹೇಳು. ಇಲ್ಲಂದ್ರ ಈಗ ಹೋಗಿ ಮೇಜಿನ ಮುಂದ ನಿಂದ್ರತೀನಿ.”

ಅವಳು ತಲೆ ಎತ್ತಿದಳು. “ಬಾಯಾರ” ಎಂದಳು, ಅಷ್ಟೇ. ಅಷ್ಟರಲ್ಲಿ ನನಗೆ ತಿಳಿಯಿತು. ಕಾವ್ಯಾಳ ಅಕ್ಕ ಮಹಾನಂದಾ.

ನಾಲ್ಕು ವರ್ಷದ ಹಿಂದೆ ಇವಳೇ ನಮ್ಮ ಗೋಲ್‌ಕೀಪರ್. ಇವಳಂಥ ಇನ್ನೊಬ್ಬ ಗೋಲಿಯನ್ನು ನಾನು ಹತ್ತೊಂಬತ್ತು ವರ್ಷದಲ್ಲಿ ಕಂಡಿಲ್ಲ. ಫೈನಲ್‌ಗೆ ಎಂಟು ದಿನ ಇರುವಾಗ ತಿಕೋಟಾದವರ ಮನೆಗೆ ಮದುವೆಯಾಗಿ ಹೋದಳು. ಆ ಫೈನಲ್‌ನಲ್ಲಿ ಐದು ಗೋಲು ತಿಂದೆವು. ನಾನು ಸಿಟ್ಟಿನಿಂದ ಅವಳ ಮದುವೆಗೆ ಅಕ್ಕಿಕಾಳು ಹಾಕಲೂ ಹೋಗಲಿಲ್ಲ. ಕರೆಯಲು ಬಂದವಳನ್ನು ಒಳಗೆ ಬಾ ಎನ್ನಲಿಲ್ಲ.

“ಕಾವ್ಯಾ ನಿನ್ನಿ ನಮ್ಮೂರಿಗೆ ಬಂದು ಜೀಪ್ ಇಳಿಯುಮುಂದ ಬಿದ್ದು ಕಾಲು ಮುರ್ಕೊಂಡಾಳ್ರಿ” ಎಂದಳು ಅವಸರದಲ್ಲಿ. “ತಿಕೋಟಾದಾಗ ನಮ್ಮ ಮನ್ಯಾಗ ಮಲಗ್ಯಾಳ, ನನ್ನ ಕೂಸಿನ್ನ ನೋಡ್ಕೊಂತ. ಬ್ಯಾರೆ ಗೋಲಿ ಇಲ್ರಿ. ನಾ ನಮ್ಮತ್ತಿಗೆ ಗಾಂಧಿ ಚೌಕಕ್ಕ ಬಳಿ ಇಡಿಸ್ಕೊಳ್ಳಾಕ ಹೊಂಟೇನಿ ಅಂತ ಹೇಳಿ ಬಂದೇನಿ.”

“ಅವತ್ತ ಎಂಟು ದಿನ ತಡೀಲಿಕ್ಕೆ ಆಗಲಿಲ್ಲ ನಿನಗ. ಮದಿವಿ ಮಾಡ್ಕೊಂಡು ಹೋದಿ. ಈಗ ತಂಡ ನೆನಪಾತೇನು?”

“ಮಾಡ್ಕೊಳ್ಳಲಿಲ್ರಿ ಬಾಯಾರ, ಮಾಡಿದ್ರು. ಅವತ್ತಿನ ಫೈನಲ್ ಇವತ್ತ ಆಡಾಕತ್ತೇನಿ ಅಂತ ತಿಳೀರಿ.”

ಸೀಟಿ ಊದಿತು. ಅವಳು ಗವಸು ತೂರಿಸಿಕೊಂಡು ಮೈದಾನದ ಆಚೆ ತುದಿಗೆ ಹೋದಳು.

ದೂರು ಕೇಳುವ ಮೇಜು ನನ್ನಿಂದ ಮೂವತ್ತು ಹೆಜ್ಜೆ. ಹೋದ ವರ್ಷ ಆ ಮೂವತ್ತು ಹೆಜ್ಜೆಯನ್ನು ಎರಡನೆಯ ಯೋಚನೆಯಿಲ್ಲದೆ ನಡೆದಿದ್ದೆ. ಈಗ ಎದ್ದೆ, ಕೂತೆ, ಮತ್ತೆ ಎದ್ದೆ. ಹೇಳಿದರೆ ನಮ್ಮ ತಂಡ ಪಂದ್ಯಾವಳಿಯಿಂದ ಹೊರಗೆ, ಶಾಹಿಸ್ತಾಳ ಕೆಲಸಕ್ಕೂ ಕುತ್ತು, ಮಹಾನಂದಾಳಿಗೆ ಅತ್ತೆಯ ಮನೆಯಲ್ಲಿ ಏನು ಕಾದಿದೆಯೋ ದೇವರಿಗೇ ಗೊತ್ತು. ಹೇಳದಿದ್ದರೆ ನಾನು ಕಳ್ಳರ ಪಾಲುದಾರಳು. ಶಾಹಿಸ್ತಾಳ ಮೇಲೆ, ಮಹಾನಂದಾಳ ಮೇಲೆ, ಆ ಜೀಪಿನ ಮೇಲೆ ಎಲ್ಲದರ ಮೇಲೂ ಸಿಟ್ಟು ಬಂತು. ನನ್ನ ಕಣ್ಣಿನ ಮೇಲೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಬಂತು. ಅವಳು ತಾಳಿ ಹೊರಗೆಳೆದ ಹೊತ್ತಿಗೆ ಚೂಡಾ ಡಬ್ಬಿಗೆ ತಲೆ ಬಗ್ಗಿಸಿದ್ದರೆ ಏನು ಕಳೆದುಹೋಗುತ್ತಿತ್ತು?

ಆಟ ಮುಗಿಯಲು ಎರಡು ನಿಮಿಷವಿತ್ತು. ಬಬಲೇಶ್ವರದವರಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಹೊಡೆಯಲು ನಿಂತವಳು ರಾಚವ್ವ. ಚೆಂಡು ನೆಲ ಬಿಟ್ಟು ಮೂಲೆಗೆ ಎದ್ದಿತು. ಮಹಾನಂದಾ ಇಡೀ ಮೈ ಅಡ್ಡ ಚೆಲ್ಲಿದಳು. ಚೆಂಡು ಅವಳ ಗವಸಿಗೆ ಬಡಿದು ಹೊರಗೆ ಉರುಳಿತು. ನಾನು ಎದ್ದು ನಿಂತು ಕೂಗುತ್ತಿದ್ದೆ. ಆಮೇಲೆ ನನ್ನ ಕೂಗು ನನಗೇ ಕೇಳಿತು. “ಶಾಬಾಸ್ ಕಾವ್ಯಾ” ಎಂದು ಕೂಗುತ್ತಿದ್ದೆ.

ಒಂದು ಗೋಲಿನಿಂದ ಗೆದ್ದೆವು. ಚಪ್ಪಾಳೆ ನಿಲ್ಲುವ ಮೊದಲೇ ಮೇಜಿನ ಹತ್ತಿರ ಗದ್ದಲ ಎದ್ದಿತು. ಬಬಲೇಶ್ವರದ ಮ್ಯಾನೇಜರ್ ಗುರಣ್ಣ ಮಾಸ್ತರ ತಕರಾರು ತೆಗೆದಿದ್ದ. “ಈ ಗೋಲಿ ಹ್ವಾದ ವರ್ಷದ ಹುಡುಗಿ ಅಲ್ರಿ. ಅಕಿ ಹಿಂಗ ಮುಂದ ಬಂದು ಆಡತಿದ್ದಿಲ್ಲ.”

ಪಂದ್ಯಾವಳಿಯ ಕಾರ್ಯದರ್ಶಿ ಧೀರೇಂದ್ರ ನನ್ನ ಕೈಯಲ್ಲಿ ಮಗ್ಗಿ ಕಲಿತವನು. ಕಾವ್ಯಾಳ ಕಾಲೇಜಿನ ಗುರುತಿನ ಕಾರ್ಡನ್ನು ಹಿಂದೆ ಮುಂದೆ ತಿರುವಿದ. ಬೆವರಿಗೆ ನೆನೆದು ಅದರಲ್ಲಿಯ ಫೋಟೋ ಮಸುಕಾಗಿತ್ತು. ಅಕ್ಕತಂಗಿಯರ ಮುಖ ಮೊದಲೇ ಒಂದೇ ಅಚ್ಚು. ಅವನೂ ಗುರಣ್ಣನೂ ಈ ಪಂದ್ಯಗಳಿಗೆ ಹೊಸಬರು, ಮಹಾನಂದಾ ಆಡಿದ ಕಾಲ ನೋಡಿದವರಲ್ಲ. ನೋಡಿದ್ದರೂ ಹೆಲ್ಮೆಟ್ಟಿನೊಳಗೆ ಆಡಿದವಳ ಮುಖ ಯಾರಿಗೆ ನೆನಪಿರುತ್ತದೆ? ಅವನು ಸುತ್ತ ನೋಡಿದ, ಅವನ ಕಣ್ಣು ನನ್ನ ಮೇಲೆ ಬಂದು ನಿಂತಿತು.

“ಬಾಯಾರ, ಸ್ವಲ್ಪ ಇಲ್ಲೆ ಬರ್ರಿ. ಫೋಟೋದಾಗ ಏನೂ ತಿಳೀವಲ್ದು. ನೀವು ಈ ಹುಡುಗ್ಯಾರನ್ನ ದಿನಾ ನೋಡಿದವ್ರು. ನೀವು ಹೇಳಿಬಿಡ್ರಿ.”

ಗುರಣ್ಣ ಬೇಡ ಎನ್ನಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ನಾನು ಇದೇ ತಂಡದ ಕಡೆಯವಳಲ್ಲವೇ, ಸಂಶಯ ಪಡಲು ಅಷ್ಟು ಸಾಲದೇ? ಅವನು ಎರಡೂ ಕೈ ಜೋಡಿಸಿದ. “ಅವ್ರು ಹೇಳಿದ್ರ ಆತ್ರಿ. ಹ್ವಾದ ವರ್ಷ ನಮ್ಮನ್ನ ಹಿಡದವ್ರ ಅವ್ರು. ಅವ್ರು ಸುಳ್ಳು ಹೇಳಂಗಿಲ್ಲ.”

ಮಹಾನಂದಾ ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತಿದ್ದಳು. ಅಂಗಿಯ ಮೇಲಿನ ಗುಂಡಿ ಬಿಚ್ಚಿತ್ತು. ಕೊರಳು ಬರಿದಾಗಿತ್ತು, ದಾರ ಇದ್ದ ಜಾಗದಲ್ಲಿ ಒಂದು ತೆಳ್ಳನೆಯ ಗೆರೆ ಮಾತ್ರ ಇತ್ತು. ಮೈದಾನದಿಂದ ಮೇಜಿಗೆ ಬರುವಷ್ಟರಲ್ಲಿ ತೆಗೆದು ಎಲ್ಲೋ ಮುಚ್ಚಿಟ್ಟಿದ್ದಳು. ಗಂಡನನ್ನು ಮನೆಯಲ್ಲಿ ಗಟ್ಟಿಮುಟ್ಟಾಗಿ ಬಿಟ್ಟು ಬಂದವಳು, ಪೆಟ್ಟಾಯಿತೆಂದು ಕಣ್ಣಿಗೆ ಒತ್ತಿಕೊಂಡವಳು, ಅದನ್ನು ತೆಗೆದಿದ್ದಳು. ನಾಲ್ಕು ವರ್ಷ ನಾನು ಇವಳನ್ನು ಬೈದದ್ದೆಲ್ಲ ನೆನಪಾಯಿತು.

“ಕಾವ್ಯಾನ ಇದ್ದಾಳ” ಎಂದೆ.

ದನಿ ನಡುಗಲಿಲ್ಲ. ಧೀರೇಂದ್ರ ಕಾರ್ಡನ್ನು ಶಾಹಿಸ್ತಾಳಿಗೆ ಕೊಟ್ಟ. ಯಾರೂ ಎರಡನೆಯ ಪ್ರಶ್ನೆ ಕೇಳಲಿಲ್ಲ. ಇಷ್ಟು ಸಂಶಯದವಳ ಮೇಲೆ ಯಾರಿಗೂ ಒಂದು ಕಾಳಿನಷ್ಟು ಸಂಶಯ ಬರಲಿಲ್ಲ.

ಗುರಣ್ಣ ಮಹಾನಂದಾಳ ಕಡೆ ತಿರುಗಿ, “ತಪ್ಪಾತು ತಂಗಿ, ಮನಸಿಗೆ ಹಚ್ಕೋಬ್ಯಾಡ” ಎಂದ. ಆಮೇಲೆ ತನ್ನ ಹುಡುಗಿಯರನ್ನು ಕರೆದ. “ಬರ್ರವಾ, ಬಾಯಾರಿಗೆ ನಮಸ್ಕಾರ ಮಾಡ್ರಿ. ಇಂಥವ್ರು ಇದ್ದಾರಂತ ಆಟ ಉಳದೈತಿ.”

ಬೇಡ ಬೇಡ ಎಂದು ನಾನು ಹಿಂದೆ ಸರಿದೆ. ಮೊದಲು ಬಂದವಳು ರಾಚವ್ವ. ಮೊಣಕಾಲಿನಲ್ಲಿ ರಕ್ತ, ಮುಖದಲ್ಲಿ ಮಣ್ಣು, ಅತ್ತು ಕೆಂಪಾದ ಕಣ್ಣು.

“ಹ್ವಾದ ವರ್ಷ ನಿಮಗ ಭಾಳ ಬೈದಿದ್ದೆರಿ ಬಾಯಾರ” ಎಂದಳು. “ನೀವು ಮಾಡಿದ್ದ ಬರೋಬರಿ ಇತ್ತು. ಈ ಸಲ ಸೋತ್ರೂ ನನ್ನ ಹೆಸರಿಲೇ ಸೋತೇನಿ.”

ಬಗ್ಗಿ ನನ್ನ ಕಾಲು ಮುಟ್ಟಿದಳು. ಅವಳ ತಲೆಯ ಮೇಲೆ ಕೈಯಿಟ್ಟೆ. ಚಲೋ ಆಗಲಿ ಎನ್ನಬೇಕಿತ್ತು. ನಾನು ಏನಾದರೂ ಹೇಳುತ್ತೇನೆಂದು ಅವಳು ಬಗ್ಗಿಯೇ ಇದ್ದಳು.